ಮಾಮೂಲಿ ಇಲಿಯನ್ನು ಕೆಡಿಸುವ ವಿಧಾನ

ಬಳಕೆದಾರರ ಕೈಪಿಡಿ. ಜೋಪಾನವಾಗಿ ಎತ್ತಿಡಿ. ಮಿಕ್ಸಿಯ ಕೈಪಿಡಿಗೆ ಮಾಡಿದಂತೆ ಡ್ರಾಯರಿನ ತಳಕ್ಕೆ ಹಾಸಬೇಡಿ.

ಮಾನ್ಯ ಗ್ರಾಹಕರೇ,

ನಮ್ಮ ಇಲಿಯನ್ನು ಕೊಂಡದ್ದಕ್ಕೆ ಧನ್ಯವಾದಗಳು. ಇದರಲ್ಲಿ ಹೇಳಿದಂತೆ ನಡೆದುಕೊಂಡರೆ ಹುಷಾರಾಗಿರುವ ಒಂದು ಪ್ರಾಣಿಯ ಲಿವರನ್ನೂ ಮೇದೋಜೀರಕ ಗ್ರಂಥಿಯನ್ನೂ ಮೂರು ನಾಲ್ಕು ತಿಂಗಳಲ್ಲಿ ಕೆಡಿಸಬಹುದು. ಮನುಷ್ಯರು ಇದೇ ಕೆಲಸಕ್ಕೆ ಇಪ್ಪತ್ತು ಮೂವತ್ತು ವರ್ಷ ತೆಗೆದುಕೊಳ್ಳುತ್ತಾರೆ. ಸಂಶೋಧನೆಗೆ ಅಷ್ಟು ಪುರಸೊತ್ತಿಲ್ಲ.

ಕೆಡುವುದು ಅಂದರೇನು ಎಂಬುದನ್ನು ಮೊದಲು ತಿಳಿದುಕೊಳ್ಳಿ. ಸೊಂಟದ ಸುತ್ತಳತೆ, ರಕ್ತದೊತ್ತಡ, ಬರಿಹೊಟ್ಟೆಯ ಸಕ್ಕರೆ, ಟ್ರೈಗ್ಲಿಸರೈಡ್ ಏರುವುದು. ಒಳ್ಳೆಯದೆಂದು ಹೆಸರು ಮಾಡಿದ ಎಚ್‌ಡಿಎಲ್ ಕೊಲೆಸ್ಟರಾಲ್ ಇಳಿಯುವುದು. ಈ ಐದರಲ್ಲಿ ಮೂರು ಒಂದೇ ಮೈಯಲ್ಲಿ ಕೂಡಿದರೆ ಅದು ಮೆಟಬಾಲಿಕ್ ಸಿಂಡ್ರೋಮ್. ಇಂಥವು ಬಿಡಿಬಿಡಿಯಾಗಿ ಬರುವುದಿಲ್ಲ, ಬಳಗದ ಸಮೇತ ಬರುತ್ತವೆ, ಇನ್ಸುಲಿನ್ನಿನ ಮಾತಿಗೆ ಮೈ ಓಗೊಡದಿರುವುದೇ ಇವುಗಳ ಬೇರು ಎಂದು 1988ರಲ್ಲಿ ವಾದಿಸಿದವರು ಅಮೆರಿಕದ ವೈದ್ಯ ಜೆರಾಲ್ಡ್ ರೀವನ್. ಅವರು ಇಟ್ಟ ಹೆಸರು ‘ಸಿಂಡ್ರೋಮ್ ಎಕ್ಸ್’. ಸೊಂಟದ ಅಳತೆ ಪಟ್ಟಿಗೆ ಸೇರಿದ್ದು ಆಮೇಲೆ. ಇಲಿಗೆ ಪ್ಯಾಂಟು ಹೊಲಿಸುವ ರೂಢಿ ಇಲ್ಲದ್ದರಿಂದ ವಾರಕ್ಕೊಮ್ಮೆ ತೂಕ ನೋಡಿದರೆ ಸಾಕು.

ಪೆಟ್ಟಿಗೆಯಲ್ಲಿ ಏನೇನಿದೆ

ಆರರಿಂದ ಎಂಟು ವಾರ ವಯಸ್ಸಿನ ಗಂಡು ಪ್ರಾಣಿಗಳು, ಎರಡು ಗುಂಪು. ಹೆಣ್ಣನ್ನೇಕೆ ಕಳಿಸಿಲ್ಲ ಎಂದು ಕೇಳಬೇಡಿ. ಈಸ್ಟ್ರೋಜೆನ್ ಇರುವ ಮೈ ಅಷ್ಟು ಬೇಗ ಕೆಡುವುದಿಲ್ಲ. ಪೆಟ್ಟಿಗೆಯ ಮೇಲೆ ಕಡುಬು ಹಿಡಿದು ಕೂತ ಇಲಿಯ ಚಿತ್ರ ಅಲಂಕಾರಕ್ಕೆ ಮಾತ್ರ.

ಮೊದಲ ಗುಂಪು ಕೆಡಿಸುವುದಕ್ಕೆ. ಎರಡನೆಯದು ಏನೂ ಮಾಡದೆ ಸುಮ್ಮನೆ ಇಟ್ಟುಕೊಳ್ಳುವುದಕ್ಕೆ. ಇದಕ್ಕೆ ಕಂಟ್ರೋಲ್ ಎನ್ನುತ್ತಾರೆ. ಈ ಕೈಪಿಡಿಯಲ್ಲಿ ‘ಮಾಮೂಲಿ’ ಎಂಬ ಮಾತು ಬಂದಲ್ಲೆಲ್ಲ ಈ ಗುಂಪು ಎಂದು ತಿಳಿಯಿರಿ. ಸರ್ಕಾರಿ ಕಚೇರಿಯಲ್ಲಿ ಆ ಪದಕ್ಕೆ ಇರುವ ಇನ್ನೊಂದು ಅರ್ಥ ಇಲ್ಲಿ ಅನ್ವಯಿಸುವುದಿಲ್ಲ.

ಇಲಿ ಬೇಕಾದವರಿಗೆ ವಿಸ್ಟಾರ್ ತಳಿ: 1906ರಲ್ಲಿ ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯಲ್ಲಿ ಹುಟ್ಟಿದ ಬಿಳಿ ಮನೆತನ. ಚಿಟ್ಟಿಲಿ ಬೇಕಾದವರಿಗೆ 1921ರಿಂದ ಬಂದ ಸಿ57ಬಿಎಲ್/6 ಎಂಬ ಕರಿ ತಳಿ: ಜಿಡ್ಡಿನ ಊಟ ಕಂಡರೆ ಉಬ್ಬುವ ಸ್ವಭಾವ. ಅದೇ ಊಟ ಹಾಕಿದರೂ ಅಷ್ಟು ಸುಲಭಕ್ಕೆ ಉಬ್ಬದ ತಳಿಗಳೂ ಇವೆ. ಅವಕ್ಕೆ ಗಿರಾಕಿ ಕಡಿಮೆ.

ಇಲಿಯನ್ನು ತೆರೆದಾಗ ಪಿತ್ತಕೋಶ ಕಾಣದಿದ್ದರೆ ಭಾಗ ಕಡಿಮೆ ಬಂದಿದೆಯೆಂದು ದೂರು ಕೊಡಬೇಡಿ. ಚಿಟ್ಟಿಲಿಗೆ ಪಿತ್ತಕೋಶ ಇದೆ, ಇಲಿಗೆ ಇಲ್ಲ. ತಯಾರಿಕೆಯೇ ಹಾಗೆ.

ಶುರು ಮಾಡುವ ಮುನ್ನ

ಇದನ್ನು ಮನೆಯಲ್ಲಿ ಮಾಡುವಂತಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಡಿ ರಚನೆಯಾದ ಕೇಂದ್ರ ಸಮಿತಿಯಲ್ಲಿ ನಿಮ್ಮ ಸಂಸ್ಥೆ ನೋಂದಾಯಿಸಿರಬೇಕು. ಸಂಸ್ಥೆಯ ಪ್ರಾಣಿ ನೀತಿ ಸಮಿತಿ ನಿಮ್ಮನ್ನು ಕೂರಿಸಿ ಮೂರು ಪ್ರಶ್ನೆ ಕೇಳುತ್ತದೆ: ಪ್ರಾಣಿಯಿಲ್ಲದೆ ಆಗುವುದಿಲ್ಲವೆ? ಇನ್ನೂ ಕಡಿಮೆ ಪ್ರಾಣಿಗಳಲ್ಲಿ ಆಗುವುದಿಲ್ಲವೆ? ಇನ್ನೂ ಕಡಿಮೆ ನೋವಿನಲ್ಲಿ ಆಗುವುದಿಲ್ಲವೆ? ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ಇಂಗ್ಲಿಷರು 1959ರಲ್ಲಿ ಎತ್ತಿದ ಪ್ರಶ್ನೆಗಳಿವು. ಉತ್ತರ ಕೊಡಲಾಗದವರು ಇಲ್ಲಿಗೇ ಕೈಪಿಡಿ ಮುಚ್ಚತಕ್ಕದ್ದು. ಈ ಒಂದು ಪರಿಚ್ಛೇದದಲ್ಲಿ ತಮಾಷೆ ಇಲ್ಲ.

ಮಾದರಿ ಆರಿಸಿಕೊಳ್ಳಿ

ಮಾದರಿ 1, ಜಿಡ್ಡಿನ ಊಟ. ಕ್ಯಾಲೊರಿಯಲ್ಲಿ ನೂರಕ್ಕೆ 60 ಪಾಲು ಕೊಬ್ಬಿನಿಂದಲೇ ಬರುವ ಪೆಲೆಟ್, ಹೆಚ್ಚಿನಂಶ ಹಂದಿಕೊಬ್ಬು. ಮಾಮೂಲಿ ಗುಂಪಿನ ಪೆಲೆಟ್‌ನಲ್ಲಿ ಈ ಪಾಲು ಸುಮಾರು 10. ಬೆರಕೆಯಾಗದಿರಲೆಂದು ಜಿಡ್ಡಿನದಕ್ಕೆ ನೀಲಿ ಬಣ್ಣ ಕಲಸಿರುವುದುಂಟು. ಫ್ರಿಜ್ಜಿನಲ್ಲಿಡಿ, ಕಮಟು ಹತ್ತಿದರೆ ಇಲಿಯೂ ಮೂಸುವುದಿಲ್ಲ.

ಮಾದರಿ 2, ಸಿಹಿನೀರು. ಕುಡಿಯುವ ನೀರಿಗೆ ನೂರಕ್ಕೆ ಹತ್ತರಂತೆ ಫ್ರಕ್ಟೋಸ್ ಬೆರೆಸಿ ಸೀಸೆ ತೂಗುಹಾಕಿ. ಗ್ಲೂಕೋಸು ದಾಟಿಹೋಗಬೇಕಾದ ಚೆಕ್‌ಪೋಸ್ಟೊಂದು ಲಿವರಿನಲ್ಲಿದೆ. ಕೋಶದ ಹೊಟ್ಟೆ ತುಂಬಿದ್ದರೆ ಗೇಟು ಇಳಿಯುತ್ತದೆ. ಫ್ರಕ್ಟೋಸ್ ಆ ಗೇಟಿನ ತಂಟೆಗೇ ಹೋಗದೆ ಹಿಂದಿನ ಓಣಿಯಿಂದ ನುಗ್ಗಿ ನೆಟ್ಟಗೆ ಕೊಬ್ಬಿನ ಕಾರ್ಖಾನೆ ಸೇರುತ್ತದೆ.

ಮಾದರಿ 3, ಕೆಫೆಟೀರಿಯಾ. 1976ರಲ್ಲಿ ಸ್ಕ್ಲಾಫಾನಿ ಮತ್ತು ಸ್ಪ್ರಿಂಗರ್ ಎಂಬ ಅಮೆರಿಕದ ಸಂಶೋಧಕರು ಅಂಗಡಿಯಿಂದ ಚಾಕೊಲೇಟ್, ಬಿಸ್ಕತ್ತು, ಚೀಸ್, ಕಡಲೆಕಾಯಿ ಬೆಣ್ಣೆ, ಸಿಹಿ ಗಟ್ಟಿಹಾಲು ತಂದು ಇಲಿಗಳ ಮುಂದೆ ಹರಡಿದರು. ದೊಡ್ಡ ಇಲಿಗಳು ಕೂಡ ಮದುವೆಮನೆಗೆ ಬಂದ ನೆಂಟರಂತೆ ಎಲ್ಲದರ ರುಚಿ ನೋಡುತ್ತ ದಪ್ಪಗಾದವು. ಬಗೆ ಹೆಚ್ಚಿದಷ್ಟೂ ಹೊಟ್ಟೆ ಹಿಗ್ಗುತ್ತದೆ ಎಂಬುದು ನಮ್ಮಲ್ಲಿ ಬಡಿಸುವವರಿಗೆ ಮೊದಲೇ ಗೊತ್ತು.

ಮಾದರಿ 4, ಹುಟ್ಟಿನಿಂದಲೇ ತಯಾರು. 1949ರಲ್ಲಿ ಅಮೆರಿಕದ ಜಾಕ್ಸನ್ ಪ್ರಯೋಗಾಲಯದಲ್ಲಿ ಕಾಣಿಸಿಕೊಂಡ ಒಬಿ/ಒಬಿ ಚಿಟ್ಟಿಲಿಗೆ ‘ಸಾಕು’ ಎನ್ನುವ ಹಾರ್ಮೋನೇ ಇಲ್ಲ. ಅದರ ಹೆಸರು ಲೆಪ್ಟಿನ್ ಎಂದು ಗೊತ್ತಾಗಲು 1994ರವರೆಗೆ ಕಾಯಬೇಕಾಯಿತು. ಡಿಬಿ/ಡಿಬಿ ಚಿಟ್ಟಿಲಿಗೆ ಹಾರ್ಮೋನು ಧಾರಾಳ, ಕೇಳುವ ಕಿವಿಯಿಲ್ಲ. ಸ್ವದೇಶಿ ಮಾಲು ಬೇಕಾದವರು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯನ್ನು ಕೇಳಿ. 1990ರ ದಶಕದಲ್ಲಿ ಅಲ್ಲಿನ ವಿಸ್ಟಾರ್ ಸಂಸಾರದಲ್ಲಿ ತಾನಾಗಿ ಹುಟ್ಟಿದ ಡುಮ್ಮ ಇಲಿಗಳಿವೆ.

ಮಾದರಿ 5, ಅವಸರದವರಿಗೆ. ಎರಡು ವಾರ ಜಿಡ್ಡಿನ ಊಟ, ಆಮೇಲೆ ಕೆಜಿಗೆ 35 ಮಿಲಿಗ್ರಾಂ ಸ್ಟ್ರೆಪ್ಟೊಜೊಟೊಸಿನ್. 2005ರಲ್ಲಿ ಮೊಹಾಲಿಯ ರಾಷ್ಟ್ರೀಯ ಔಷಧ ಸಂಸ್ಥೆಯಿಂದ ಹೊರಟ ಈ ಪಾಕವಿಧಾನ ಜಗತ್ತಿನ ಪ್ರಯೋಗಾಲಯಗಳಿಗೆಲ್ಲ ಹಬ್ಬಿದೆ. ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಬಂದ ಈ ಮದ್ದು ಇನ್ಸುಲಿನ್ ಮಾಡುವ ಬೀಟಾ ಕೋಶಗಳನ್ನೇ ಹುಡುಕಿ ಕೊಲ್ಲುತ್ತದೆ. ಗೋಡೆ ಶಿಥಿಲವಾಗುವ ತನಕ ಕಾಯಲಾರದೆ ಹಾರೆ ತೆಗೆದುಕೊಂಡ ಹಾಗೆ.

ಒಳಗೆ ನಡೆಯುವುದು: ಲಿವರ್

ಮೊದಲ ವಾರಗಳಲ್ಲಿ ಹೊರಗೇನೂ ತಿಳಿಯದು. ಪ್ರಾಣಿ ರಾತ್ರಿ ತಿನ್ನುತ್ತದೆ, ಹಗಲು ಮಲಗುತ್ತದೆ, ಮೈ ನುಣುಪಾಗುತ್ತದೆ. ಹೊಟ್ಟೆಯ ಕೊಬ್ಬಿನ ಕಣಜ ಭರ್ತಿಯಾದ ಮೇಲೆ ಮಾತು ಕೆಡುತ್ತದೆ. ಕಣಜದ ಬಾಗಿಲು ಮುಚ್ಚಿರುವಂತೆ ಇನ್ಸುಲಿನ್ ಹೇಳುತ್ತಿರುತ್ತದೆ, ಕಣಜ ಕೇಳುವುದಿಲ್ಲ. ಕೊಬ್ಬಿನಾಮ್ಲಗಳು ರಕ್ತಕ್ಕೆ ಸೋರಿ, ಹರಿಯುತ್ತ ಲಿವರಿಗೆ ಬಂದು ಬೀಳುತ್ತವೆ. ಮನುಷ್ಯರ ಕೊಬ್ಬಿದ ಲಿವರನ್ನು ಲೆಕ್ಕ ಹಾಕಿ ನೋಡಿದಾಗಲೂ ಅದರ ಕೊಬ್ಬಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೆ ಸೋರಿ ಬಂದದ್ದು, ಕಾಲು ಪಾಲು ಲಿವರೇ ಹೊಸದಾಗಿ ತಯಾರಿಸಿದ್ದು. ತಟ್ಟೆಯಿಂದ ನೇರ ಬಂದದ್ದು ಇವೆರಡಕ್ಕಿಂತ ಕಡಿಮೆ.

ಲಿವರಿನ ಕಿವುಡುತನ ಬೇರೆಯೇ ಬಗೆಯದು. ಇನ್ಸುಲಿನ್ ಅದಕ್ಕೆ ಎರಡು ಮಾತು ಹೇಳುತ್ತದೆ: ಸಕ್ಕರೆ ಮಾಡುವುದು ನಿಲ್ಲಿಸು, ಕೊಬ್ಬು ಕಟ್ಟು. ಕೆಟ್ಟ ಲಿವರ್ ಮೊದಲನೆಯದಕ್ಕೆ ಕಿವುಡು, ಎರಡನೆಯದಕ್ಕೆ ಮೈಯೆಲ್ಲ ಕಿವಿ. ಹೀಗಾಗಿ ಸಕ್ಕರೆಯೂ ಹೆಚ್ಚು, ಕೊಬ್ಬೂ ಹೆಚ್ಚು.

ಹನ್ನೆರಡು ವಾರದ ಹೊತ್ತಿಗೆ ಕಂದುಗೆಂಪು ಲಿವರು ಹಳದಿಗೆ ತಿರುಗಿ ಬಿಳಚಿಕೊಂಡಿರುತ್ತದೆ. ಚೂಪಾಗಿದ್ದ ಅಂಚು ಮೊಂಡಾಗಿ, ಕುಯ್ದ ಬ್ಲೇಡಿಗೆ ಜಿಡ್ಡು ಹತ್ತುತ್ತದೆ. ತೀರಾ ಕೊಬ್ಬಿದ ತುಂಡು ನೀರಿಗೆ ಹಾಕಿದರೆ ತೇಲುತ್ತದೆ. ಇದು ಹೊಸ ವಿದ್ಯೆಯಲ್ಲ. ಹಳೆಯ ಈಜಿಪ್ಟಿನವರು ಬಾತುಗಳಿಗೆ ಒತ್ತಿ ಒತ್ತಿ ತಿನ್ನಿಸುತ್ತಿದ್ದುದು ಸಕಾರಾದ ಗೋರಿಗಳ ಗೋಡೆಯ ಮೇಲೆ ಕೆತ್ತಿದೆ. ರೋಮನ್ನರು ಅಂಜೂರ ತಿನ್ನಿಸಿ ಉಬ್ಬಿಸಿದ ಲಿವರಿಗೆ ಅಂಜೂರದ ಹೆಸರನ್ನೇ ಇಟ್ಟರು. ಇಟಲಿಯಲ್ಲೂ ಫ್ರಾನ್ಸಿನಲ್ಲೂ ಇವತ್ತು ಲಿವರಿಗಿರುವ ಪದ ಆ ಅಂಜೂರದಿಂದ ಇಳಿದು ಬಂದದ್ದು. ಅಂಗವನ್ನು ಅದರ ಕಾಯಿಲೆಯ ಹೆಸರಿನಿಂದ ಕರೆದು ಅವರಿಗೆ ಅದೇ ಮಾಮೂಲಿಯಾಯಿತು.

ಒಳಗೆ ನಡೆಯುವುದು: ಮೇದೋಜೀರಕ ಗ್ರಂಥಿ

ಈ ಗ್ರಂಥಿಯ ಬಹುಪಾಲು ಜೀರ್ಣರಸದ ಕಾರ್ಖಾನೆ. ನಡುನಡುವೆ, ಗ್ರಂಥಿಯ ನೂರರಲ್ಲಿ ಒಂದೆರಡು ಪಾಲಿನಷ್ಟು, ಬಣ್ಣಕ್ಕೆ ತೆಳುವಾಗಿ ಕಾಣುವ ಚಿಕ್ಕ ದ್ವೀಪಗಳು. ಇವನ್ನು 1869ರಲ್ಲಿ ಮೊದಲು ಕಂಡವನು ಬರ್ಲಿನ್ನಿನ ವೈದ್ಯ ವಿದ್ಯಾರ್ಥಿ ಪಾಲ್ ಲ್ಯಾಂಗರ್‌ಹಾನ್ಸ್. ಇವೇನು ಮಾಡುತ್ತವೆ ಎಂಬುದು ಅವನಿಗೆ ತಿಳಿಯಲಿಲ್ಲ. ತಿಳಿಯದು ಎಂದೇ ಬರೆದು ಪದವಿ ಪಡೆದ. 1889ರಲ್ಲಿ ಫಾನ್ ಮೆರಿಂಗ್ ಮತ್ತು ಮಿಂಕೋವ್‌ಸ್ಕಿ ನಾಯಿಯೊಂದರ ಇಡೀ ಗ್ರಂಥಿ ತೆಗೆದಾಗ ಅದಕ್ಕೆ ಸಕ್ಕರೆ ಕಾಯಿಲೆ ಬಂತು. ಗುಟ್ಟು ಬಿಚ್ಚಿಕೊಳ್ಳತೊಡಗಿದ್ದು ಅಲ್ಲಿಂದ.

ದ್ವೀಪದ ಕಥೆ ಎರಡು ಅಂಕದ್ದು. ಮೊದಲನೆಯದರಲ್ಲಿ ಅದು ದೊಡ್ಡದಾಗುತ್ತದೆ. ಮಾತು ಕೇಳುವವರಿಲ್ಲದ ಮನೆಯಲ್ಲಿ ಅಜ್ಜಿ ದನಿ ಏರಿಸುವಂತೆ, ಮೈ ಓಗೊಡದಷ್ಟೂ ಬೀಟಾ ಕೋಶಗಳು ಹೆಚ್ಚಿ, ಉಬ್ಬಿ, ಇನ್ನಷ್ಟು ಇನ್ಸುಲಿನ್ ಸುರಿಯುತ್ತವೆ. ಸಕ್ಕರೆಯ ಅಂಕಿ ಮಾಮೂಲಿಯಾಗಿಯೇ ಕಾಣುತ್ತದೆ. ಅದನ್ನು ನಂಬಬೇಡಿ. ಅದರ ಹಿಂದೆ ಎಷ್ಟು ಕೂಗಾಟವಿದೆ ಎಂದು ತಿಳಿಯಲು ಇನ್ಸುಲಿನ್ ಅಳೆಯಬೇಕು.

ಎರಡನೆಯ ಅಂಕ ಎಲ್ಲ ಪ್ರಾಣಿಗೂ ಬರುವುದಿಲ್ಲ. ಬಂದಾಗ ಕೋಶದೊಳಗೆ ಕೂಡಿಟ್ಟ ಇನ್ಸುಲಿನ್ ಕಾಳುಗಳು ಖಾಲಿಯಾಗುತ್ತವೆ, ಗುಳ್ಳೆಗಳೇಳುತ್ತವೆ, ದುಂಡಗಿದ್ದ ದ್ವೀಪದ ಅಂಚು ಹರಿದು ಅಂಕುಡೊಂಕಾಗುತ್ತದೆ, ನಡುವೆ ನಾರು ನುಗ್ಗುತ್ತದೆ, ಕೋಶಗಳು ಸಾಯುತ್ತವೆ. ಡಿಬಿ/ಡಿಬಿ ಜೀನು ಒಂದೇ ಇದ್ದರೂ ತಳಿ ಬೇರೆಯಾದರೆ ಫಲ ಬೇರೆ. ಒಂದು ತಳಿಯಲ್ಲಿ ದ್ವೀಪ ಹಿಗ್ಗಿ ಹಿಗ್ಗಿ ಸಂಭಾಳಿಸುತ್ತದೆ, ಇನ್ನೊಂದರಲ್ಲಿ ಸೋತು ಕೂರುತ್ತದೆ.

ತೆರೆದು ನೋಡುವ ವಿಧಾನ

1. ಒಪ್ಪಿತ ವಿಧಾನದಲ್ಲಿ, ನೋವಿಲ್ಲದಂತೆ ಪ್ರಾಣಿಯನ್ನು ಕಳಿಸಿಕೊಡಿ. ಎರಡೂ ಗುಂಪಿನವನ್ನು ಒಂದೇ ದಿನ.

2. ಮೊದಲು ಮೇದೋಜೀರಕ ಗ್ರಂಥಿ ತೆಗೆಯಿರಿ. ಲಿವರು ಕಾಯುತ್ತದೆ, ಇದು ಕಾಯುವುದಿಲ್ಲ. ತನ್ನದೇ ಜೀರ್ಣರಸ ತನ್ನನ್ನೇ ಅರಗಿಸಿಕೊಳ್ಳಲು ಶುರುವಾಗುತ್ತದೆ. ಚಿಟ್ಟಿಲಿಯಲ್ಲಿ ಇದು ಕರುಳಿನ ಪೊರೆಯೊಳಗೆ ಹರಡಿಕೊಂಡು ಥೇಟ್ ಕೊಬ್ಬಿನಂತೆಯೇ ಕಾಣುತ್ತದೆ. ಅನುಮಾನವಿದ್ದರೆ ಉಪ್ಪುನೀರಿಗೆ ಹಾಕಿ. ಕೊಬ್ಬು ತೇಲುತ್ತದೆ, ಗ್ರಂಥಿ ಮುಳುಗುತ್ತದೆ.

3. ಶೇಕಡಾ 10ರ ಫಾರ್ಮಲಿನ್ನಿನಲ್ಲಿ ಒಂದು ದಿನ ನೆನೆಸಿ. ಆಲ್ಕೊಹಾಲಿನಲ್ಲಿ ನೀರು ತೆಗೆದು, ಜೈಲೀನಿನಲ್ಲಿ ತಿಳಿಯಾಗಿಸಿ, ಮೇಣದಲ್ಲಿ ಕೂರಿಸಿ, ಮೈಕ್ರೊಟೋಮಿನಲ್ಲಿ ನಾಲ್ಕೈದು ಮೈಕ್ರಾನಿನ ಪದರ ಕುಯ್ಯಿರಿ. ಹಿಮಾಟಾಕ್ಸಿಲಿನ್ ಹಾಕಿದರೆ ಕೋಶದ ಬೀಜ ನೀಲಿ, ಇಯೋಸಿನ್ ಹಾಕಿದರೆ ಉಳಿದದ್ದು ಗುಲಾಬಿ.

4. ಲಿವರಿನ ಸ್ಲೈಡು ಕಣ್ಣು ಬಿಟ್ಟ ಸೆಟ್ ದೋಸೆಯಂತೆ ಕಂಡರೆ ನೀವು ಗೆದ್ದಿರಿ. ಆ ಬಿಳಿ ತೂತುಗಳು ಕೊಬ್ಬಲ್ಲ, ಕೊಬ್ಬು ಇದ್ದ ಜಾಗ. ಆಲ್ಕೊಹಾಲೂ ಜೈಲೀನೂ ಕೊಬ್ಬನ್ನು ಕರಗಿಸಿ ಒಯ್ದಿವೆ. ಕೊಬ್ಬನ್ನೇ ನೋಡಬೇಕೆಂದರೆ ಮೇಣ ಬಿಟ್ಟು ಹೆಪ್ಪುಗಟ್ಟಿಸಿ ಕುಯ್ದು ಆಯಿಲ್ ರೆಡ್ ಓ ಹಾಕಿ. ಹನಿಹನಿಯೂ ಕೆಂಪಾಗಿ ಏಳುತ್ತದೆ.

5. ದೊಡ್ಡದೊಂದೇ ಹನಿ ಬೀಜವನ್ನು ಗೋಡೆಗೆ ಒತ್ತರಿಸಿದ್ದರೆ ಕೋಶ ಹರಳಿನ ಉಂಗುರದಂತಿರುತ್ತದೆ. ಸಣ್ಣ ಸಣ್ಣ ಹನಿಗಳಾಗಿದ್ದರೆ ಬೀಜ ನಡುವೆಯೇ ಇರುತ್ತದೆ. ನೂರು ಕೋಶದಲ್ಲಿ ಐದಕ್ಕಿಂತ ಹೆಚ್ಚಿನವುಗಳಲ್ಲಿ ಕೊಬ್ಬಿದ್ದರೆ ಅದು ಕೊಬ್ಬಿದ ಲಿವರು. 2005ರಿಂದ ಬಳಕೆಯಲ್ಲಿರುವ ಅಂಕಪಟ್ಟಿಯಲ್ಲಿ ಕೊಬ್ಬಿಗೆ 3, ಉರಿಯೂತಕ್ಕೆ 3, ಬಲೂನಿನಂತೆ ಊದಿದ ಕೋಶಕ್ಕೆ 2, ಒಟ್ಟು 8. ಇದೊಂದು ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದವನೇ ಜಾಣ. ಗಾಯದ ನಾರು ನೋಡಲು ಮ್ಯಾಸನ್ ಬಣ್ಣ. ನಾರು ನೀಲಿಯಾಗಿ, ಮುಂದುವರಿದಿದ್ದರೆ ಕೋಳಿಗೂಡಿನ ಬಲೆಯಂತೆ ಕೋಶಗಳನ್ನು ಸುತ್ತಿಕೊಂಡಿರುತ್ತದೆ.

ತೊಂದರೆ ಮತ್ತು ಪರಿಹಾರ

ತೊಂದರೆ: ಲಿವರು ಕೊಬ್ಬಿದೆ, ಆದರೆ ನಾರು ಕಟ್ಟಿಲ್ಲ.
ಪರಿಹಾರ: ಬರೀ ಜಿಡ್ಡಿನ ಊಟಕ್ಕೆ ಚಿಟ್ಟಿಲಿ ಅಷ್ಟಾಗಿ ಜಗ್ಗುವುದಿಲ್ಲ. ಮಥಿಯೊನಿನ್, ಕೋಲಿನ್ ತೆಗೆದ ಊಟ ಹಾಕಿ. ಕೋಲಿನ್ ಇಲ್ಲದೆ ಲಿವರಿಗೆ ಕೊಬ್ಬನ್ನು ಹೊರಗೆ ಸಾಗಿಸುವ ಲಾರಿ ಸಿಗುವುದಿಲ್ಲ. ಉರಿಯೂತ, ನಾರು ಎಲ್ಲ ಬೇಗ ಬರುತ್ತವೆ.

ತೊಂದರೆ: ಹಾಗೆ ಮಾಡಿದೆವು, ಪ್ರಾಣಿ ಸೊರಗಿ ಕಡ್ಡಿಯಾಯಿತು.
ಪರಿಹಾರ: ಹೌದು. ಸಿಂಡ್ರೋಮ್ ಇಲ್ಲದ ಸಿಂಡ್ರೋಮಿನ ಲಿವರು ಅದು. ನಾರು ಬೇಕೆಂದರೆ ಹೊಟ್ಟೆ ಹೋಗುತ್ತದೆ, ಹೊಟ್ಟೆ ಬೇಕೆಂದರೆ ನಾರು ಬರುವುದಿಲ್ಲ.

ತೊಂದರೆ: ಮನುಷ್ಯರ ದ್ವೀಪಗಳಲ್ಲಿ ಗಟ್ಟಿಯಾಗುವ ಅಮೈಲಾಯ್ಡ್ ನಮ್ಮ ಇಲಿಯಲ್ಲಿ ಎಷ್ಟು ಹುಡುಕಿದರೂ ಇಲ್ಲ.
ಪರಿಹಾರ: ಸಿಗುವುದೂ ಇಲ್ಲ. ಅದನ್ನು ಕಟ್ಟುವ ಅಮೈಲಿನ್ ಪ್ರೋಟೀನಿನಲ್ಲಿ ಇಲಿಗೆ ಮೂರು ಕಡೆ ಪ್ರೋಲಿನ್ ಬಂದು ಕೂತಿದೆ, ಹೆಣೆದುಕೊಳ್ಳಲು ಬಿಡುವುದಿಲ್ಲ. ಮನುಷ್ಯನ ಜೀನು ಕೂರಿಸಿದ ಇಲಿ ತನ್ನಿ, ಇಲ್ಲವೆ ಬೆಕ್ಕು ನೋಡಿ. ಬೆಕ್ಕಿಗೆ ನಮ್ಮ ಹಾಗೆಯೇ ಬರುತ್ತದೆ.

ತೊಂದರೆ: ಪಕ್ಕದ ಪ್ರಯೋಗಾಲಯದಲ್ಲಿ ಬಂದದ್ದು ನಮ್ಮಲ್ಲಿ ಬರುತ್ತಿಲ್ಲ.
ಪರಿಹಾರ: ಥರ್ಮಾಮೀಟರು ನೋಡಿ. 22 ಡಿಗ್ರಿ ನಿಮಗೆ ಹಿತ, ಚಿಟ್ಟಿಲಿಗೆ ಚಳಿ. ಮೈ ಬಿಸಿ ಮಾಡಿಕೊಳ್ಳಲು ತಿಂದದ್ದನ್ನು ಸುಡುತ್ತದೆ. ಅದಕ್ಕೆ ಹಿತವಾದ 30ರ ಸುಮಾರಿಗೆ ತಂದರೆ ಲಿವರು ಬೇಗ ಕೆಡುತ್ತದೆ.

ಒಟ್ಟಿನಲ್ಲಿ ಯಾವ ಮಾದರಿಯೂ ಪೂರ್ತಿ ಸೆಟ್ಟಾಗಿ ಸಿಗುವುದಿಲ್ಲ. ಕೊಬ್ಬು ಒಂದರಲ್ಲಿ, ನಾರು ಒಂದರಲ್ಲಿ, ಸೋತ ದ್ವೀಪ ಇನ್ನೊಂದರಲ್ಲಿ. ಎಲ್ಲವೂ ಒಂದೇ ಮೈಯಲ್ಲಿ, ಜೋಡಣೆಯ ಖರ್ಚಿಲ್ಲದೆ ಬೇಕೆಂದರೆ ಕೈಪಿಡಿ ಓದುತ್ತಿರುವವರ ಜಾತಿಯನ್ನೇ ನೋಡಬೇಕು.

ಮೊದಲಿನ ಸ್ಥಿತಿಗೆ ತರುವುದು

ನೀಲಿ ಪೆಲೆಟ್ ತೆಗೆದು ಸಾದಾ ಪೆಲೆಟ್ ಹಾಕಿ. ಕೆಲವು ವಾರಗಳಲ್ಲಿ ಲಿವರಿನ ಕೊಬ್ಬು ಬಹುಮಟ್ಟಿಗೆ ಇಳಿಯುತ್ತದೆ, ತೂತುಗಳು ಮುಚ್ಚುತ್ತವೆ. ನಾರು ಅಷ್ಟು ಬೇಗ ಬಿಡುವುದಿಲ್ಲ. ಸತ್ತ ಬೀಟಾ ಕೋಶಗಳ ಜಾಗ ತುಂಬುವುದು ಇನ್ನೂ ಕಷ್ಟ. ಲಿವರು ಕ್ಷಮಿಸಿ ಮರೆತಂತಿರುತ್ತದೆ, ದ್ವೀಪ ಲೆಕ್ಕ ಇಟ್ಟುಕೊಂಡಿರುತ್ತದೆ.

ಎಚ್ಚರಿಕೆ: ‘ಮಾಮೂಲಿ’ಯ ಬಗ್ಗೆ

ಕೈಪಿಡಿಯುದ್ದಕ್ಕೂ ಮಾಮೂಲಿ ಊಟ, ಮಾಮೂಲಿ ಇಲಿ ಎಂದೆವು. ಗ್ರಾಹಕರಿಂದ ದೂರು ಹೆಚ್ಚಾಗಿ ಬರುವುದು ಈ ಮಾತಿನ ಮೇಲೆಯೇ. ಆದ್ದರಿಂದ ಸ್ಪಷ್ಟನೆ.

1920ರ ದಶಕದಲ್ಲಿ ಊಟಿಯ ಪಕ್ಕದ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ವೈದ್ಯ ನಮ್ಮ ದೇಶದ ಬೇರೆ ಬೇರೆ ಜನರ ಮಾಮೂಲಿ ಊಟವನ್ನು ಇಲಿಗಳಿಗೆ ಬಡಿಸಿದರು. ಗೋಧಿ ರೊಟ್ಟಿ, ಹಾಲು, ಬೆಣ್ಣೆ, ಬೇಳೆ, ತರಕಾರಿಯ ಸಿಖ್ಖರ ತಟ್ಟೆಯ ಇಲಿಗಳು ಎಲ್ಲಕ್ಕಿಂತ ಗಟ್ಟಿಮುಟ್ಟು. ಮದರಾಸಿ ತಟ್ಟೆಯವು ಕೊನೆಗೆ. ಕನ್ನಡಿಗರ ತಟ್ಟೆಯವು ಪಟ್ಟಿಯ ಕೆಳ ಅರ್ಧದಲ್ಲಿ. ಅಂದು ಕೇಳಿದ ಪ್ರಶ್ನೆ, ಯಾರ ಊಟದಲ್ಲಿ ಕೊರತೆ ಹೆಚ್ಚು ಎಂಬುದು. ಅವರು ಕೆಲಸ ಮಾಡಿದ ಕೂನೂರಿನ ಸಂಸ್ಥೆಯೇ 1958ರಲ್ಲಿ ಹೈದರಾಬಾದಿಗೆ ಬಂದು, ಆಮೇಲೆ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಮಾದರಿ 4ರ ಡುಮ್ಮ ಇಲಿಗಳ ವಿಳಾಸವೂ ಅದೇ.

ಮರಳುಗಾಡಿನ ಇಲಿಯದು ಇನ್ನೊಂದು ಕಥೆ. ಈಜಿಪ್ಟಿನ ಮರಳಲ್ಲಿ ಉಪ್ಪುಸೊಪ್ಪು ತಿಂದು ಹಾಯಾಗಿದ್ದ ಪ್ಸಾಮೊಮಿಸ್ ಎಂಬ ಇಲಿಯನ್ನು 1960ರ ದಶಕದಲ್ಲಿ ಮೂತ್ರಪಿಂಡದ ಅಧ್ಯಯನಕ್ಕೆಂದು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯಕ್ಕೆ ತಂದರು. ಯಾರೂ ಕೆಡಿಸಲು ಹೊರಟಿರಲಿಲ್ಲ. ಹಂದಿಕೊಬ್ಬಿಲ್ಲ, ಸಿಹಿನೀರಿಲ್ಲ, ಬೇರೆ ಇಲಿಗಳೆಲ್ಲ ತಿಂದು ಚೆನ್ನಾಗಿದ್ದ ಸಾದಾ ಪೆಲೆಟನ್ನೇ ಹಾಕಿದರು. ಅದಕ್ಕೇ ಮೈ ಬಂತು, ಸಕ್ಕರೆ ಕಾಯಿಲೆ ಬಂತು, ಕಣ್ಣಿಗೆ ಪೊರೆ ಬಂತು. ಪಕ್ಕದ ಪಂಜರದವನ ದಿನದೂಟ ಇವನಿಗೆ ಹಬ್ಬದೂಟ, ಅದೂ ವರ್ಷದ ಮುನ್ನೂರ ಅರವತ್ತೈದು ದಿನವೂ. ಮನುಷ್ಯರ ಟೇಪಿನಲ್ಲೂ ಇದೇ ತಕರಾರು. ಸೊಂಟ ದಪ್ಪವೆನ್ನಲು ಅಮೆರಿಕದ ಗಂಡಸಿಗೆ ಇಟ್ಟ ಗೆರೆ 102 ಸೆಂಟಿಮೀಟರು. ನಮ್ಮವರಿಗೆ 90ಕ್ಕೇ ಗಂಟೆ ಬಾರಿಸುತ್ತದೆ.

ಇನ್ನು ಪೆಟ್ಟಿಗೆಯ ಎರಡನೆಯ ಗುಂಪು, ನೀವು ಏನೂ ಮಾಡದೆ ಇಟ್ಟುಕೊಂಡದ್ದು. 2010ರಲ್ಲಿ ಅಮೆರಿಕದ ಸಂಶೋಧಕರು ತಮ್ಮ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬರೆದ ಲೇಖನದ ತಿರುಳು ಇಷ್ಟು: ಪ್ರಯೋಗಾಲಯದ ಕಂಟ್ರೋಲ್ ಇಲಿಗಳೇ ಕಾಯಿಲೆಯವು. ಹಗಲೂ ರಾತ್ರಿ ಬಟ್ಟಲು ತುಂಬಿರುತ್ತದೆ, ಓಡಲು ಜಾಗವಿಲ್ಲ, ಓಡುವ ಕಾರಣವೂ ಇಲ್ಲ. ಮೈ ಬೆಳೆಯುತ್ತದೆ, ಇನ್ಸುಲಿನ್ನಿನ ಮಾತು ಕೇಳಿಸದಾಗುತ್ತದೆ. ಇಷ್ಟು ದಿನ ನಾವು ಕೆಟ್ಟದ್ದನ್ನು ಹೋಲಿಸಿ ನೋಡಿದ್ದು ಒಳ್ಳೆಯದರ ಜೊತೆಗಲ್ಲ, ಕಡಿಮೆ ಕೆಟ್ಟದ್ದರ ಜೊತೆಗೆ.

ಅದಕ್ಕೇ ಕೊನೆಯ ಸೂಚನೆ. ಸ್ಲೈಡುಗಳನ್ನು ನೋಡುವಾಗ ಕಂಟ್ರೋಲಿನದನ್ನೇ ಮೊದಲು ಇಡಿ, ಅವಸರ ಮಾಡಬೇಡಿ. ಗುಲಾಬಿ ಕೋಶಗಳ ಸಾಲು, ನಡುವೆ ತೆಳು ನಾಳ, ಎಲ್ಲ ಸರಿಯಾಗಿಯೇ ಇರುತ್ತದೆ. ಒಂದು ಮೂಲೆಯಲ್ಲಿ ಚಿಕ್ಕದೊಂದು ಬಿಳಿ ತೂತು, ಅದರಾಚೆ ಇನ್ನೊಂದು ಕಂಡರೆ ಗಾಬರಿ ಬೇಡ. ನೂರರಲ್ಲಿ ಐದು ದಾಟಿಲ್ಲ ತಾನೆ? ವರದಿಯಲ್ಲಿ ‘ಮಾಮೂಲಿ’ ಎಂದೇ ಬರೆಯಿರಿ. ಅದಕ್ಕೆ ಬೇರೆ ಪದ ಸಿಕ್ಕಿದ ದಿನ ಕೈಪಿಡಿಯ ಪರಿಷ್ಕೃತ ಆವೃತ್ತಿಯನ್ನು ಉಚಿತವಾಗಿ ಕಳಿಸಿಕೊಡುತ್ತೇವೆ.